ಹೆಪ್ಪುಗಟ್ಟುವುದಾ, ಹೆರೆಯುವುದಾ? ಮಿಜು ಯೋಕಾನ್‌ಗೆ ಒಂದು ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ಜಪಾನಿನಲ್ಲಿ ಬೇಸಿಗೆಗೆ ಮಿಜು ಯೋಕಾನ್ ಅಂತ ಒಂದು ತಣ್ಣನೆಯ ಸಿಹಿ ಮಾಡುತ್ತಾರೆ. (ಫುಕುಯಿ ಕಡೆಯವರು ಮಾತ್ರ ಇದನ್ನು ಚಳಿಗಾಲದಲ್ಲಿ ಮನೆಯೊಳಗೆ ಬೆಚ್ಚಗೆ ಕೂತು ತಿನ್ನುತ್ತಾರೆ, ಅದು ಬೇರೆ ಮಾತು.) ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ, ಜರಡಿಯಲ್ಲಿ ತಿಕ್ಕಿ ಸಿಪ್ಪೆ ತೆಗೆದು, ಸಕ್ಕರೆ ಹಾಕಿ ಕಾಯಿಸುತ್ತಾರೆ. ಇದಕ್ಕೆ ಕೋಶಿಆನ್ ಅಂತ ಹೆಸರು. ನಾನು ಸುಮ್ನೆ ಹೂರಣ ಅಂತ ಬರೆದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಈ ಹೂರಣಕ್ಕೆ ಕಾಂತೆನ್ ಕುದಿಸಿದ ನೀರು ಸೇರಿಸಿ ಅಚ್ಚಿಗೆ ಸುರಿದರೆ ಆಯಿತು. ಕಾಂತೆನ್ ಅಂದರೆ ಕಡಲಪಾಚಿಯಿಂದ ತೆಗೆದದ್ದು, ನಮ್ಮ ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತದಲ್ಲ, ಅದೇ.

ಹೆಸರು ಚೆನ್ನಾಗಿದೆ. ಮಿಜು ಅಂದರೆ ನೀರು. ಗಟ್ಟಿ ಯೋಕಾನ್‌ಗಿಂತ ಇದರಲ್ಲಿ ನೀರು ಜಾಸ್ತಿ, ಕಾಂತೆನ್ ಕಮ್ಮಿ. ನಮ್ಮ ನೀರು ದೋಸೆಯ ನೀರು ಕೂಡ ಇದೇ ಲೆಕ್ಕದ್ದು ಅಲ್ವಾ? ಯೋಕಾನ್ ಅನ್ನು ಮಾತ್ರ ಬರೆಯುವುದು ಕುರಿ ಮತ್ತು ಸಾರು ಎಂಬ ಎರಡು ಚೀನಿ ಅಕ್ಷರಗಳಲ್ಲಿ. ಮೊದಲು ಅದು ಚೀನಾದ ಕುರಿಮಾಂಸದ ಸಾರು, ಮಾಂಸ ತಿನ್ನದ ಜಪಾನಿನ ಝೆನ್ ಸನ್ಯಾಸಿಗಳ ಕೈಯಲ್ಲಿ ಕಾಳಿನ ತಿಂಡಿಯಾಯಿತಂತೆ. ಈ ಸಂಗತಿಯನ್ನು ತೀರ್ಥಹಳ್ಳಿಯ ನನ್ನ ಸೋದರತ್ತೆಗೆ ಹೇಳಲಿಲ್ಲ. ಯಾಕಂದರೆ ಈ ಅಡುಗೆ ಬರೆದು ಕಳಿಸಿದ್ದೇ ಅವರಿಗೆ, ಮತ್ತು ಅವರು ಕೇಳಿದ ಮೊದಲ ಪ್ರಶ್ನೆಯೇ "ಜೆಲ್ಲಿ ಅಂದ್ಮೇಲೆ ಮೂಳೆ ಗೀಳೆ ಇಲ್ಲ ತಾನೆ?" ಅಂತ.

ನಾನು ಬರೆದದ್ದು ಇಷ್ಟು. ನಾಲ್ಕು ಗ್ರಾಂ ಕಾಂತೆನ್ ಪುಡಿಯನ್ನು ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರಿಗೆ ಹಾಕಿ ಎರಡು ನಿಮಿಷ ಕುದಿಸಿ, ಅರ್ಧ ಕೆಜಿ ಹೂರಣ, ಚಿಟಿಕೆ ಉಪ್ಪು ಸೇರಿಸಿ, ಉಗುರು ಬೆಚ್ಚಗಾಗುವ ತನಕ ಕೈಯಾಡಿಸಿ, ಆಮೇಲೆ ಅಚ್ಚಿಗೆ ಸುರಿದು ಹೆಪ್ಪುಗಟ್ಟಲು ಬಿಡಿ. ಅಜುಕಿ ಅಲ್ಲಿ ಸಿಗುವುದಿಲ್ಲ, ಅಲಸಂದೆ ಸಾಕು ಅಂದೆ. ಕೈಯಾಡಿಸಿ ಅಂದದ್ದಕ್ಕೆ ಕಾರಣ ಇದೆ. ಬಿಸಿಬಿಸಿ ಸುರಿದರೆ ಹೂರಣವೆಲ್ಲ ತಳಕ್ಕಿಳಿದು ಮೇಲೆ ಬರೀ ತಿಳಿ ನಿಲ್ಲುತ್ತದೆ.

ಎರಡು ಪದ ಕೈಕೊಟ್ಟವು. ಒಂದು, ಉಗುರು ಬೆಚ್ಚಗೆ. ಅತ್ತೆಗೆ ಅದು ಹಾಲಿಗೆ ಹೆಪ್ಪು ಹಾಕುವ ಹದ, ಅಂದರೆ ಬೆರಳಿಟ್ಟರೆ ಹಿತವಾಗಿರಬೇಕು. ಕಾಂತೆನ್ ಗಟ್ಟಿಯಾಗುವುದು ಹೆಚ್ಚುಕಮ್ಮಿ ಅದೇ ಬಿಸಿಗೆ, ಮೂವತ್ತೈದು ನಲವತ್ತು ಡಿಗ್ರಿಗೆ. ಸುರಿಯಬೇಕಾದದ್ದು ಅದಕ್ಕೆ ಇನ್ನೂ ಹತ್ತು ಡಿಗ್ರಿ ಮೊದಲು. ಪಾತ್ರೆಯಲ್ಲೇ ಎಲ್ಲ ಗಟ್ಟಿಯಾಗಿ ಕೂತಿತು. ಆ ಬಿಸಿಗೆ ಏನನ್ನುತ್ತೀರಿ? ಬೆಚ್ಚಗಲ್ಲ, ಸುಡುವಷ್ಟೂ ಅಲ್ಲ.

ಎರಡನೆಯದು ಹೆಪ್ಪುಗಟ್ಟು. ಫೋನ್ ಬಂತು. ಏನೂ ಆಗಿಲ್ಲ ಅತ್ತೆ, ಎರಡು ಚಮಚ ನೀರು ಹಾಕಿ ಮತ್ತೆ ಒಲೆಗಿಡಿ, ಕುದಿ ಬಂದರೆ ಪೂರ್ತಿ ಕರಗುತ್ತದೆ ಅಂದೆ. ಅವರು ನಂಬಲೇ ಇಲ್ಲ. "ಹೆಪ್ಪು ಕಟ್ಟಿದ್ದು ಮತ್ತೆ ಹಾಲಾಗ್ತದೇನೇ ಮಾರಾಯ್ತಿ?"

ಅವರ ಮಾತೇ ಸರಿ ಅನ್ನಿಸಿತು. ಹೆಪ್ಪಾದ ಮೊಸರನ್ನು ಕಾಯಿಸಿದರೆ ಒಡೆಯುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಕಾಂತೆನ್ ಹಾಗಲ್ಲ, ತಣಿದರೆ ಗಟ್ಟಿ, ಕಾಯಿಸಿದರೆ ನೀರು, ಎಷ್ಟು ಸಲ ಬೇಕಾದರೂ. ತುಪ್ಪದ ಹಾಗೆ. ಚಳಿಗೆ ಗಟ್ಟಿಯಾದ ತುಪ್ಪಕ್ಕೆ ಹಳಬರು ಹೆರೆದುಪ್ಪ ಅನ್ನುತ್ತಿದ್ದರಲ್ಲ, ಆ ಹೆರೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ವ್ಯತ್ಯಾಸ ಒಂದೇ: ತುಪ್ಪ ಅಂಗೈ ಬಿಸಿಗೆ ಕರಗುತ್ತದೆ, ಕಾಂತೆನ್ ಒಮ್ಮೆ ಗಟ್ಟಿಯಾದ ಮೇಲೆ ಎಂಬತ್ತೈದು ಡಿಗ್ರಿ ದಾಟುವ ತನಕ ಜಗ್ಗುವುದಿಲ್ಲ. ಅದಕ್ಕೇ ಮಿಜು ಯೋಕಾನ್ ಬಾಯಲ್ಲಿ ಕರಗುವುದಿಲ್ಲ, ತಾಟಿನುಂಗಿನ ಹಾಗೆ ಮುರಿಯುತ್ತದೆ.

ಖುಷಿಯಿಂದ "ಹೆರೆಯಲು ಬಿಡಿ" ಅಂತ ತಿದ್ದಿ ಕಳಿಸಿದೆ. ಅತ್ತೆಯ ಉತ್ತರ: "ಕಾಯಿ ಎಷ್ಟು ಹೆರೀಬೇಕು?" ಅವರ ಮನೆಯಲ್ಲಿ ಹೆರೆಯುವುದು ಅಂದರೆ ಹೆರೆಮಣೆಯಲ್ಲಿ ತೆಂಗಿನಕಾಯಿ ತುರಿಯುವುದು!

ಹಾಗಾಗಿ ನನ್ನ ಪ್ರಶ್ನೆ. ನಿಮ್ಮ ಕಡೆ ತುಪ್ಪ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾದರೆ ಬಾಯಿಮಾತಿನಲ್ಲಿ ಏನನ್ನುತ್ತೀರಿ? ಹೆರೆ ಇನ್ನೂ ಎಲ್ಲಿ ಬಳಕೆಯಲ್ಲಿದೆ? ಗರಣೆಗಟ್ಟು ಅನ್ನಬಹುದು ಅಂತ ಒಬ್ಬರು ಹೇಳಿದರು, ನನಗೆ ಅದು ಕೇಳಿದರೆ ರಕ್ತ ನೆನಪಾಗುತ್ತದೆ, ತಿಂಡಿಗೆ ಬೇಡ. ಗಟ್ಟಿಯಾಗು ಅಂದರೆ ಒಣಗಿ ಕಲ್ಲಾದದ್ದೂ ಆಗಬಹುದು. ಹಾಲ್ಬಾಯಿ, ಮಣ್ಣಿ ಮಾಡುವವರು ತಟ್ಟೆಗೆ ಸುರಿದ ಮೇಲೆ "ಆರಲಿ" ಅಂದುಬಿಡುತ್ತಾರೆ, ಗಟ್ಟಿಯಾಗುವುದು ಅದರೊಳಗೇ ಬಂತು ಅಂತ ಲೆಕ್ಕ. ಅಷ್ಟೇ ಸಾಕಾ?

ಅಂದಹಾಗೆ, ಅತ್ತೆ ಕೊನೆಗೂ ಕರಗಿಸಿ ತಟ್ಟೆಗೆ ಸುರಿದರಂತೆ. ಚೆನ್ನಾಗಿ ಬಂತಂತೆ. ಮೇಲೆ ಜೋನಿ ಬೆಲ್ಲ ಹಾಕಿಕೊಂಡರಂತೆ. ಜಪಾನಿನವರು ಕಾಂತೆನ್ ತುಂಡುಗಳ ಮೇಲೆ ಕುರೊಮಿತ್ಸು ಅಂತ ಕಪ್ಪು ಸಕ್ಕರೆಯ ಪಾಕ ಸುರಿಯುತ್ತಾರೆ, ಅದನ್ನು ನಾನು ಅವರಿಗೆ ಹೇಳಿರಲೇ ಇಲ್ಲ.