ಅಪ್‌ಡೇಟ್: ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದ ಕೋಡ್ ಎಡಿಟರ್ ಸರಿಹೋಯ್ತು

ಉಬುಂಟು ಲಿನಕ್ಸ್‌ನಲ್ಲಿ ಎಡಿಟರ್ ತೆರೆದರೆ ವಿಂಡೋ ಒಮ್ಮೆ ಮಿಂಚಿ ಮಾಯವಾಗುತ್ತೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಎಕ್ಸ್‌ಟೆನ್ಶನ್‌ಗಳನ್ನೆಲ್ಲ ನಿಲ್ಲಿಸಿ ನೋಡಿದೆ, ಅದೇ ರಾಗ. ಎಡಿಟರನ್ನೇ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದ್ದೂ ದಂಡ.

ಟರ್ಮಿನಲ್‌ನಿಂದ 'ಡಿಸೇಬಲ್ ಜಿಪಿಯು' (ಗ್ರಾಫಿಕ್ಸ್ ಚಿಪ್ ಬಳಸಬೇಡ ಅನ್ನೋ) ಆಯ್ಕೆ ಕೊಟ್ಟು ಓಡಿಸಿ ಅಂದಿದ್ದವರಿಗೆ ದೊಡ್ಡ ಥ್ಯಾಂಕ್ಸ್. ತೆರೆದುಕೊಂಡಿತು, ಆದರೆ ಸ್ಕ್ರೋಲ್ ಮಾಡಿದರೆ ತಡವರಿಸುತ್ತಿತ್ತು. ಸುಳಿವು ಸಿಕ್ಕಿದ್ದೇ ಅಲ್ಲಿ: ಸಿಸ್ಟಮ್ ಅಪ್‌ಡೇಟ್ ಆದಾಗ ಗ್ರಾಫಿಕ್ಸ್ ಡ್ರೈವರ್ ಬದಲಾಗಿತ್ತು, ಹಳೇ ಡ್ರೈವರ್ ಕಾಲದ ಕ್ಯಾಶ್ (ಕೆಲಸ ಬೇಗ ಆಗಲಿ ಅಂತ ಉಳಿಸಿಟ್ಟುಕೊಳ್ಳುವ ತಾತ್ಕಾಲಿಕ ಕಡತಗಳು) ಹಾಗೇ ಕೂತಿತ್ತು. ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ 'ಡಾಟ್ ಕಾನ್ಫಿಗ್' ಒಳಗೆ, ಎಡಿಟರ್ ಹೆಸರಿನ ಫೋಲ್ಡರ್‌ನಲ್ಲಿದ್ದ 'ಜಿಪಿಯುಕ್ಯಾಶ್' ಅಳಿಸಿದೆ. ಈಗ ಯಾವ ಆಯ್ಕೆಯೂ ಬೇಡ, ಮಾಮೂಲಿನಂತೆ ತೆರೆಯುತ್ತೆ.

ಅನ್‌ಇನ್‌ಸ್ಟಾಲ್ ಮಾಡಿದರೂ ಹೋಮ್ ಫೋಲ್ಡರ್‌ನ ಈ ಕಡತಗಳು ಹೋಗಲ್ಲ, ಮರುಇನ್‌ಸ್ಟಾಲ್ ಕೈಕೊಟ್ಟಿದ್ದು ಅದಕ್ಕೇ! ಅಂದಹಾಗೆ, ಕ್ಯಾಶ್ ಅಳಿಸಿದರೆ ಸೆಟ್ಟಿಂಗ್ಸ್‌ಗೆ ಏನೂ ಆಗಲ್ಲ. ಅವು 'ಯೂಸರ್' ಫೋಲ್ಡರ್‌ನಲ್ಲಿ ಬೇರೆಯಾಗೇ ಇರುತ್ತವೆ.