ಆರ್ಥರ್ ಎರಿಕ್ಸನ್: ಕಾಡಿನ ನಾಡಿನಲ್ಲಿ ಕಾಂಕ್ರೀಟ್ ಏಕೆ?

ಪ್ರಶ್ನೆ:
ಕೆನಡಾದ ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್ (1924–2009) ಅವರ ಕೃತಿಗಳನ್ನು ಅಧ್ಯಯನ ಮಾಡುತ್ತಿದ್ದೇನೆ. ಅವರು ಹುಟ್ಟಿದ ವ್ಯಾಂಕೂವರ್ ನಗರದ ಸುತ್ತ ದಟ್ಟ ಕಾಡಿದೆ. ಆದರೂ ಮ್ಯಾಕ್‌ಮಿಲನ್ ಬ್ಲೋಡೆಲ್ ಎಂಬ ಮರದ ಉದ್ಯಮದ ಕೇಂದ್ರ ಕಚೇರಿಯನ್ನು ಕೂಡ ಅವರು ಕಾಂಕ್ರೀಟಿನಲ್ಲೇ ಕಟ್ಟಿದರು. ಹಾಗಿದ್ದೂ ಅವರನ್ನು ನಿಸರ್ಗಕ್ಕೆ ಒಗ್ಗುವಂತೆ ಕಟ್ಟಿದವರೆಂದು ಕೊಂಡಾಡುವುದೇಕೆ?

ಉತ್ತರ 1:
ಯಾವ ಸಾಮಗ್ರಿಯನ್ನು ಬಳಸಿದರು ಎನ್ನುವುದಕ್ಕಿಂತ ಕಟ್ಟಡವನ್ನು ನೆಲದ ಮೇಲೆ ಹೇಗೆ ಕೂರಿಸಿದರು ಎನ್ನುವುದನ್ನು ನೋಡಬೇಕು. 1963ರಲ್ಲಿ ಜೊತೆಗಾರ ವಾಸ್ತುಶಿಲ್ಪಿ ಜೆಫ್ರಿ ಮ್ಯಾಸ್ಸಿ ಅವರೊಂದಿಗೆ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ವಿನ್ಯಾಸ ಸ್ಪರ್ಧೆಯನ್ನು ಗೆದ್ದಾಗ, ಅವರು ವ್ಯಾಂಕೂವರಿನ ಪಕ್ಕದ ಬರ್ನಬಿ ಬೆಟ್ಟದ ಮೇಲೆ ಗೋಪುರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸದೆ, ಬೆಟ್ಟದ ಬೆನ್ನನ್ನೇ ಅನುಸರಿಸಿ ಹಂತಹಂತವಾಗಿ ಹಬ್ಬುವ, ಒಂದಕ್ಕೊಂದು ಕೂಡಿಕೊಂಡ ತಗ್ಗಿನ ಕಟ್ಟಡಗಳನ್ನು ಯೋಜಿಸಿದರು. ನಡುವಿನ ವಿಶಾಲ ಅಂಗಳಕ್ಕೆ ಗಾಜಿನ ಚಾವಣಿ ಹೊದಿಸಿದ್ದರಿಂದ, ಮಳೆ ಬಿಡದ ಆ ಊರಿನಲ್ಲಿ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ನೆನೆಯದೆ ಒಂದೆಡೆ ಸೇರುವಂತಾಯಿತು. ವಿಶ್ವವಿದ್ಯಾಲಯ 1965ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಮೋಡ ಕವಿದ ದಿನಗಳಲ್ಲಿ ಆ ಬೂದು ಗೋಡೆಗಳು ಮನಸ್ಸನ್ನು ಕುಗ್ಗಿಸುತ್ತವೆ ಎಂಬ ಟೀಕೆಯನ್ನು ತಳ್ಳಿಹಾಕಲಾಗದು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರವಿರುವುದು ವ್ಯಾಂಕೂವರಿನಲ್ಲಿ ಎರಿಕ್ಸನ್ ವಿನ್ಯಾಸಗೊಳಿಸಿದ 1976ರ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ. ವಾಯವ್ಯ ಕರಾವಳಿಯ ಮೂಲನಿವಾಸಿಗಳು ಸೀಡರ್ ಎಂಬ ಮರಗಳಿಂದ ಕಟ್ಟುತ್ತಿದ್ದ ದೊಡ್ಡ ಮನೆಗಳ ಕಂಬ–ತೊಲೆಗಳ ರಚನೆಯನ್ನು ಅಲ್ಲಿ ಎರಿಕ್ಸನ್ ಕಾಂಕ್ರೀಟಿನಲ್ಲಿ ಮರುರೂಪಿಸಿದ್ದಾರೆ. ಸಾಲುಸಾಲು ತೊಲೆಗಳು ಎತ್ತರವಾಗುತ್ತಾ ಹೋಗುತ್ತವೆ. ಅವುಗಳ ನಡುವಿನ ಗಾಜಿನಿಂದ ಬೀಳುವ ಬೆಳಕಿನಲ್ಲಿ ಕೆತ್ತನೆಯ ಮರದ ಕಂಬಗಳು, ಹಿಂದಿರುವ ಬಯಲು ಮತ್ತು ಮರಗಳೊಂದಿಗೆ ಒಟ್ಟಾಗಿ ಕಾಣುತ್ತವೆ. ಭೂಕಂಪದ ಅಪಾಯವಿದ್ದ ಕಾರಣ ಈ ಕಂಬಗಳಿರುವ ಮಹಾಸಭಾಂಗಣವನ್ನು ಈಚೆಗೆ ಕೆಡವಿ, ಅದೇ ರೂಪದಲ್ಲಿ ಮರುನಿರ್ಮಿಸಿ, 2024ರಲ್ಲಿ ಮತ್ತೆ ತೆರೆದರು. ಮೂಲ ವಿನ್ಯಾಸಕ್ಕೆ ಅಷ್ಟು ಬೆಲೆ ಕೊಟ್ಟದ್ದು ನನಗೆ ಅತ್ಯಂತ ಸಂತೋಷ ತಂದ ಸಂಗತಿ.

ಉತ್ತರ 3:
ರಾಬ್ಸನ್ ಚೌಕವನ್ನೂ ಗಮನಿಸಿ. ವ್ಯಾಂಕೂವರಿನ ನಡುಮಧ್ಯೆ ಪ್ರಾಂತೀಯ ಸರ್ಕಾರ ಎತ್ತರದ ಗೋಪುರವೊಂದನ್ನು ಕಟ್ಟಲು ಹೊರಟಿತ್ತು. 1972ರಲ್ಲಿ ಸರ್ಕಾರ ಬದಲಾದ ಮೇಲೆ ಆ ಯೋಜನೆ ಕೈಬಿಟ್ಟು ಹೋಯಿತು. ಎರಿಕ್ಸನ್ ಆ ಗೋಪುರವನ್ನು ಮಲಗಿಸಿದಂತೆ ಉದ್ದಕ್ಕೂ ಕಚೇರಿಗಳನ್ನು ಹರಡಿ, ಕೊನೆಯಲ್ಲಿ ಇಳಿಜಾರಾದ ಗಾಜಿನ ಚಾವಣಿಯ ನ್ಯಾಯಾಲಯವನ್ನು ಕೊಟ್ಟರು. ಭೂದೃಶ್ಯ ವಿನ್ಯಾಸಕಿ ಕಾರ್ನೆಲಿಯಾ ಓಬರ್‌ಲ್ಯಾಂಡರ್ ಅದರ ಮಾಳಿಗೆಗಳ ಮೇಲೆ ತೋಟ ಬೆಳೆಸಿದರು. ಮೆಟ್ಟಿಲುಗಳ ನಡುವೆ ಓರೆಯಾಗಿ ಹಾದುಹೋಗುವ ಇಳಿಜಾರು ದಾರಿಗಳು ಕಣ್ಣಿಗೆ ಸೊಗಸಾಗಿದ್ದರೂ ಅಂಗವಿಕಲರಿಗೆ ನಿಜಕ್ಕೂ ಎಷ್ಟು ಸುರಕ್ಷಿತ ಎಂಬ ಚರ್ಚೆ ನ್ಯಾಯವಾದದ್ದೇ.

ವಿನ್ಯಾಸದಲ್ಲಿದ್ದ ಹಿಡಿತ ಎರಿಕ್ಸನ್ ಅವರಿಗೆ ವೃತ್ತಿಯ ಲೆಕ್ಕಪತ್ರದಲ್ಲಿ ಮಾತ್ರ ಇರಲಿಲ್ಲ. 1986ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಪಡೆದ ಮೊದಲ ಕೆನಡಿಯನ್ ಆದ ಅವರು, 1992ರಲ್ಲಿ ದಿವಾಳಿಯಾದರು. ಆಮೇಲೂ ವಿನ್ಯಾಸದ ಕೆಲಸವನ್ನು ಬಿಡಲಿಲ್ಲ.