ಜೋಕರ್ ಕೊಲೆಗಾರರ ಸಿನಿಮಾ: ರಕ್ತ ಯಾಕೆ ರೋಸ್ ಮಿಲ್ಕ್ ಥರ ಕಾಣುತ್ತೆ?

ಪ್ರಶ್ನೆ (ಮಂಡ್ಯ): ಜೋಕರ್ ವೇಷದ ಕೊಲೆಗಾರರ ಸಿನಿಮಾ ಒಂದು ನೋಡಿದೆ. ಕಮ್ಮಿ ಬಜೆಟ್ಟಿನದು, ರಕ್ತ ರೋಸ್ ಮಿಲ್ಕ್ ಥರ, ಭಯಕ್ಕಿಂತ ನಗುವೇ ಜಾಸ್ತಿ. ಆಲೆಮನೇಲಿ ಕಿರುಚಿತ್ರ ಮಾಡೋರಿಗೆ ಈ ಗತಿ ಬರದಿರೋಕೆ ದಾರಿ ಇದ್ಯಾ?

ಉತ್ತರ: ಬರೀ ಬಣ್ಣದ ನೀರು ಕಣ್ರೀ ಅದು, ಬೆಳಕು ಆಚೆಗೆ ಹಾಯುತ್ತೆ. ನೀವು ರಕ್ತ ಮಾಡೋಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ (ಗಟ್ಟಿ ಸಕ್ಕರೆ ಪಾಕದಂಥದ್ದು) 1 ಕಪ್, ಬಿಸಿನೀರಲ್ಲಿ ತೆಳು ಮಾಡಿ. ಕೆಂಪು ಫುಡ್ ಕಲರ್ 2 ಚಮಚ, ನೀಲಿ ಒಂದೇ ಹನಿ. ಕೋಕೋ ಪುಡಿ 1 ಚಮಚ ಬೇರೆ ಕಲಸಿ ಸೇರಿಸಿ, ನೇರ ಹಾಕಿದ್ರೆ ಗಂಟು. ಬಟ್ಟೆ ಮೇಲಿನ ಕಲೆ ಸುಲಭಕ್ಕೆ ಹೋಗಲ್ಲ, ರಕ್ತದ ಶಾಟ್ ಕೊನೆಗಿಡಿ. ಆಲೆಮನೆ ಅಂದ್ರೆ ನೊಣ ಬಂದೇ ಬರುತ್ವೆ, ಮುಚ್ಚಿಡಿ!

ಮೈಸೂರಿಂದ: ರಕ್ತ ಬುಡಿ, ಎದುರಿಂದ ಲೈಟ್ ಹೊಡೆದದ್ದೇ ದೊಡ್ಡ ತಪ್ಪು. ಜೋಕರ್‌ನ ಬಿಳಿ ಬಣ್ಣದ ಮುಖ ಕ್ಯಾಮೆರಾದಲ್ಲಿ ಸುಟ್ಟೋಗುತ್ತೆ, ಅಂದ್ರೆ ಕಣ್ಣು ಮೂಗು ಕಾಣದೆ ಬರೀ ಬಿಳುಪಾಗುತ್ತೆ. ಒಂದೇ ಲೈಟ್, ಪಕ್ಕದಿಂದ; ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡೋ ಬೆಳಕು) ಮುಖಕ್ಕೆ ತಕ್ಕಂತೆ ಇಳಿಸಿ.

ಪ್ರಶ್ನೆ ಕೇಳಿದವರು: ಬೆವರಿಗೆ ಮುಖದ ಬಣ್ಣ ಇಳಿದ್ರೆ?

ಮೈಸೂರಿಂದ: ತೆಳುವಾಗಿ ಬಳಿದು ಮೇಲೆ ಪೌಡರ್ ಒತ್ತಿ. ಉಜ್ಜಬೇಡಿ.